ಗೋಡೆ ನೆಟ್ಟಗಾಯಿತು, ಗಿಡ ಮಲಗಿತು!

ವಿದ್ಯಾರ್ಥಿ ತಪ್ಪು ಉತ್ತರ ಬರೆದರೆ ಅಂಕ ಕಳೆಯುವವರು ಮೇಷ್ಟ್ರು. ಮೇಷ್ಟ್ರೇ ತಪ್ಪು ಉತ್ತರ ಕೊಟ್ಟರೆ ಅಂಕ ಕಳೆಯುವವರು ಯಾರು? ಈ ವಾರ ಅಂಥದೊಂದು ಪ್ರಸಂಗವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅಂಕ ನೀವೇ ಹಾಕಿ.

ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ಮನೆಯೊಳಗೆ ಟೊಮೆಟೊ ಸಸಿ ಬೆಳೆಸಲು ಹೊರಟಿದ್ದಳು. ಅವರ ತಾರಸಿಯ ಮೇಲೆ ಏನನ್ನಿಟ್ಟರೂ ಮಂಗಗಳು ಉಳಿಸುವುದಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಜಾಗ ಇತ್ತು, ಆದರೆ ಬಿಸಿಲಿರಲಿಲ್ಲ. ಹೀಗಾಗಿ ಬಿಸಿಲಿನ ಬದಲು ಎಲ್‌ಇಡಿ ದೀಪ, ತೋಟದ ಬದಲು ಟೆಂಟು. ನೀರಿನ ಪಿವಿಸಿ ಪೈಪಿನ ಚೌಕಟ್ಟು, ಅದರ ಸುತ್ತ ಒಳಮೈ ಹೊಳೆಯುವ ದಪ್ಪ ಬಟ್ಟೆ, ಮುಂದೆ ಒಳಹೊರಗೆ ಹೋಗಲು ಜಿಪ್ಪು. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಆರೂವರೆ ಅಡಿ ಎತ್ತರ. ಪೇಟೆಯಲ್ಲಿ ಇಂಥವು ಸಿದ್ಧವಾಗಿಯೇ ಸಿಗುತ್ತವೆ. ಆದರೆ ಆ ಹುಡುಗಿಯ ತಂದೆ ದರ್ಜಿ. ಮಗಳು ಕೇಳಿದ್ದನ್ನು ಎರಡು ರಾತ್ರಿ ಕೂತು ತಾವೇ ಹೊಲಿದುಕೊಟ್ಟಿದ್ದರು.

ದೀಪದ ಶಾಖ, ಮಣ್ಣಿನ ತೇವ ಎರಡೂ ಹೊರಗೆ ಹೋಗಬೇಕಲ್ಲ? ಅದಕ್ಕಾಗಿ ಟೆಂಟಿನ ಮೇಲ್ಭಾಗದಲ್ಲಿ, ಬಚ್ಚಲುಮನೆಗೆ ಹಾಕುವಂಥ ಆರು ಇಂಚಿನ ಎಕ್ಸಾಸ್ಟ್ ಫ್ಯಾನು ಕೂರಿಸಿದ್ದರು. ಫ್ಯಾನಿಗೆ ಐದು ಅಂಕಿಗಳ ರೆಗ್ಯುಲೇಟರು. ಕೆಳಗೆ ಗಾಳಿ ಒಳಬರಲು ನಾಲ್ಕು ಇಂಚಿನ ಒಂದು ದುಂಡು ಕಿಂಡಿ. ಹುಳ ಬರದಿರಲೆಂದು ಅದಕ್ಕೆ ಸೊಳ್ಳೆಪರದೆ. ಧೂಳು ಬರದಿರಲೆಂದು ಅದರ ಮೇಲೆ ಮಲ್ಲು ಬಟ್ಟೆ.

ಫ್ಯಾನು ಹಾಕಿದ ಮೊದಲ ದಿನವೇ ತೊಂದರೆ ಶುರುವಾಯಿತು. ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

"ಸರ್, ಟೆಂಟಿನ ನಾಲ್ಕೂ ಗೋಡೆ ಒಳಗೆ ಬಾಗ್ತಿವೆ. ಉಸಿರು ಬಿಟ್ಟಾಗ ಹೊಟ್ಟೆ ಒಳಗೆ ಹೋಗುತ್ತಲ್ಲ, ಹಾಗೆ. ಒಂದು ಕಡೆ ಬಟ್ಟೆ ಸಸಿಗೇ ತಾಗ್ತಿದೆ. ಅಪ್ಪ ನನ್ನ ಹೊಲಿಗೇನೇ ಸರಿ ಇಲ್ಲ ಅಂತ ಎರಡು ಸಲ ಬಿಚ್ಚಿ ಹೊಲಿದರು."

ಅಂದು ನನಗೆ ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವ ಅವಸರ. ತಲೆ ಎತ್ತದೆಯೇ ಹೇಳಿದೆ: "ಫ್ಯಾನು ಜೋರಾಯ್ತು ಕಣಮ್ಮ. ನಿಧಾನ ಮಾಡು, ಸರಿಹೋಗುತ್ತೆ."

ಅವಳು ರೆಗ್ಯುಲೇಟರನ್ನು ಐದರಿಂದ ಒಂದಕ್ಕೆ ಇಳಿಸಿದಳು. ಗೋಡೆ ನೆಟ್ಟಗಾಯಿತು. ತಂದೆಗೆ ಸಮಾಧಾನ, ಮಗಳಿಗೆ ಸಂತೋಷ, ನನಗೂ ಹೆಮ್ಮೆ. ಐದನೆಯ ದಿನ ಬೆಳಿಗ್ಗೆ ಅವಳು ಮತ್ತೆ ಬಂದಳು. ಕೈಯಲ್ಲಿ ಕಾಗದದ ಪೊಟ್ಟಣ. ಅದರೊಳಗೆ ಎಂಟು ಹತ್ತು ಟೊಮೆಟೊ ಸಸಿಗಳು. ಎಲೆ ಹಸಿರಾಗಿಯೇ ಇತ್ತು. ಕಾಂಡ ಮಾತ್ರ ಮಣ್ಣಿನ ಮಟ್ಟದಲ್ಲಿ ನೂಲಿನಂತೆ ಸಣ್ಣಗಾಗಿ ಕೊಳೆತಿತ್ತು. ತಟ್ಟೆಯಲ್ಲಿದ್ದ ಅರವತ್ತು ಸಸಿಗಳಲ್ಲಿ ನಲವತ್ತು ಹೀಗೇ ಮಲಗಿದ್ದವು.

ರೈತರ ಮಕ್ಕಳಿಗೆ ಇದು ಗೊತ್ತು. ಸಸಿಮಡಿಯಲ್ಲಿ ಬರುವ ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾ ಮುಂತಾದ ಶಿಲೀಂಧ್ರಗಳು ಮತ್ತು ಶಿಲೀಂಧ್ರದಂಥ ಜೀವಿಗಳು ಇದಕ್ಕೆ ಕಾರಣ. ನೀರು ನಿಂತ ಮಣ್ಣು, ಒತ್ತಾಗಿ ಬೆಳೆದ ಸಸಿ, ಆಡದ ಗಾಳಿ ಇವುಗಳಿಗೆ ಹಬ್ಬದೂಟ. ಫ್ಯಾನು ನಿಧಾನ ಮಾಡಲು ಹೇಳಿ ಆ ಹಬ್ಬಕ್ಕೆ ಚಪ್ಪರ ಹಾಕಿದವನು ನಾನೇ!

ಹುಡುಗಿ ಅಳಲಿಲ್ಲ, ದೂರಲೂ ಇಲ್ಲ. ನೋಟ್ ಪುಸ್ತಕ ಬಿಚ್ಚಿ ತೋರಿಸಿದಳು. ದಿನಾಂಕ, ರೆಗ್ಯುಲೇಟರಿನ ಅಂಕಿ, ಗೋಡೆ ಎಷ್ಟು ಇಂಚು ಒಳಗೆ ಬಾಗಿದೆ, ಟೆಂಟಿನೊಳಗಿನ ಉಷ್ಣತೆ, ಕೋಣೆಯ ಉಷ್ಣತೆ ಎಲ್ಲವನ್ನೂ ಸಾಲಾಗಿ ಬರೆದಿದ್ದಳು. ಕೋಣೆಯಲ್ಲಿ 27 ಡಿಗ್ರಿ. ಫ್ಯಾನು ಐದರಲ್ಲಿದ್ದಾಗ ಗೋಡೆ ನಾಲ್ಕು ಇಂಚು ಒಳಗೆ, ಟೆಂಟಿನಲ್ಲಿ 31 ಡಿಗ್ರಿ. ಒಂದರಲ್ಲಿದ್ದಾಗ ಗೋಡೆ ನೆಟ್ಟಗೆ, ಟೆಂಟಿನಲ್ಲಿ 34 ಡಿಗ್ರಿ. ಕೊನೆಯ ಅಂಕಣದಲ್ಲಿ, 'ಒಳಗೋಡೆಯ ಮೇಲೆ ನೀರ ಹನಿ' ಎಂದು ಬರೆದಿತ್ತು. ಗೋಡೆ ಸರಿಯಾದ ದಿನದಿಂದಲೇ ಉಳಿದದ್ದೆಲ್ಲ ಕೆಡುತ್ತಾ ಬಂದಿತ್ತು. ಅದು ಆ ಪುಟದಲ್ಲಿ ಸ್ಪಷ್ಟವಾಗಿತ್ತು. ನೋಡಬೇಕಾದವನು ನೋಡಿರಲಿಲ್ಲ, ಅಷ್ಟೆ.

ಸಂಜೆ ಅವರ ಮನೆಗೆ ಹೋದೆ.

ಎಳೆಯುವವರು ಯಾರು, ತಳ್ಳುವವರು ಯಾರು?

ಮಾವಿನ ರಸದ ಕಾಗದದ ಪೊಟ್ಟಣಕ್ಕೆ ಕೊಳವೆ ಚುಚ್ಚಿ ಹೀರುತ್ತೀರಲ್ಲ, ರಸ ಮುಗಿದ ಮೇಲೂ ಹೀರಿದರೆ ಏನಾಗುತ್ತದೆ? ಪೊಟ್ಟಣದ ಪಕ್ಕಗಳು ಕರ್ರೆಂದು ಒಳಗೆ ಮಡಚಿಕೊಳ್ಳುತ್ತವೆ. 'ನಾನು ಎಳೆದೆ, ಅದಕ್ಕೆ ಬಂತು' ಎನ್ನುತ್ತೀರಿ. ನಿಜವಾಗಿ ನೀವು ಮಾಡಿದ್ದು ಒಳಗಿನ ಗಾಳಿಯನ್ನು ಕಡಿಮೆ ಮಾಡಿದ್ದು ಮಾತ್ರ. ಪಕ್ಕವನ್ನು ತಳ್ಳಿದ್ದು ಹೊರಗಿನ ಗಾಳಿ.

ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ಭಾರಕ್ಕೆ ಸಮ. ನಮ್ಮ ಟೆಂಟಿನ ಒಂದು ಗೋಡೆ 1.2 ಮೀಟರ್ ಅಗಲ, 2 ಮೀಟರ್ ಎತ್ತರ, ಅಂದರೆ 2.4 ಚದರ ಮೀಟರ್. ಆ ಬಟ್ಟೆಯ ಮೇಲೆ ಹೊರಗಿನಿಂದ ಸುಮಾರು 24 ಟನ್ ಒತ್ತುತ್ತಿದೆ! ಬಟ್ಟೆ ಹರಿಯುವುದಿಲ್ಲವೇಕೆ? ಒಳಗಿನಿಂದಲೂ ಅಷ್ಟೇ ಒತ್ತುತ್ತಿದೆ, ಅದಕ್ಕೆ. ತಕ್ಕಡಿಯ ಎರಡೂ ತಟ್ಟೆ ಸಮ. ಫ್ಯಾನು ತಿರುಗಿದಾಗ ಒಳಗಿನ ತಟ್ಟೆಯಿಂದ ಒಂದಿಷ್ಟು ತೆಗೆದಂತಾಗುತ್ತದೆ. ಎಷ್ಟು ತೆಗೆಯಿತೋ ಅಷ್ಟೇ ಭಾರ ಗೋಡೆಯನ್ನು ಒಳಕ್ಕೆ ನೂಕುತ್ತದೆ.

ಜರ್ಮನಿಯ ಮ್ಯಾಗ್ಡೆಬರ್ಗ್ ನಗರದ ಮೇಯರಾಗಿದ್ದ ಆಟೋ ಫಾನ್ ಗೆರಿಕೆಯ ಹೆಸರನ್ನು ನೀವು ಪಾಠದಲ್ಲಿ ಓದಿರಬಹುದು. ಗಾಳಿ ತೆಗೆದ ಎರಡು ಅರ್ಧಗೋಳಗಳನ್ನು ಕುದುರೆಗಳಿಂದ ಎಳೆಸಿದವನು ಆತ. ಅದಕ್ಕೂ ಮುಂಚೆ ಅವನಿಗೊಂದು ಸೋಲಾಗಿತ್ತು. ತಾಮ್ರದ ಗೋಳವೊಂದರಿಂದ ಗಾಳಿ ತೆಗೆಯುತ್ತಿದ್ದಾಗ, ಅದು ಎಲ್ಲರೂ ಬೆಚ್ಚುವಂತೆ ಭಾರಿ ಸದ್ದಿನೊಡನೆ ಮುದುಡಿಹೋಯಿತು. 1672ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆತ ಇದನ್ನು ಮುಚ್ಚಿಡದೆ ಬರೆದಿದ್ದಾನೆ. ಗೋಳ ಸರಿಯಾಗಿ ದುಂಡಗಿರಲಿಲ್ಲವೆಂದು ಅವನ ಊಹೆ. ಇನ್ನಷ್ಟು ದುಂಡಗಿನ ಗೋಳ ಮಾಡಿಸಿದ, ಅದು ತಡೆದುಕೊಂಡಿತು. ದುಂಡು ಆಕಾರ ಒತ್ತಡವನ್ನು ಎಲ್ಲ ಕಡೆಗೂ ಹಂಚಿಕೊಳ್ಳುತ್ತದೆ. ಚಪ್ಪಟೆ ಮೈಗೆ ಆ ಬಲವಿಲ್ಲ. ತಾಮ್ರದ ಗತಿಯೇ ಹೀಗಾದರೆ, ಚಪ್ಪಟೆಯಾಗಿ ಹೊದಿಸಿದ ಬಟ್ಟೆಯ ಪಾಡೇನು?

ಅಳೆದು ನೋಡಿದೆವು

ಊಹೆ ಸಾಕು, ಅಳೆಯೋಣ ಎಂದುಕೊಂಡೆವು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಕೊಳವೆಯ ತುಂಡೊಂದನ್ನು ತಂದು, ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ಹಲಗೆಗೆ ಕಟ್ಟಿದೆವು. ಒಂದು ತೊಟ್ಟು ಶಾಯಿ ಹಾಕಿದ ನೀರನ್ನು ಅರ್ಧದವರೆಗೆ ತುಂಬಿದೆವು. ಒಂದು ತುದಿಯನ್ನು ಟೆಂಟಿನ ಒಳಗೆ ತೂರಿಸಿ, ಇನ್ನೊಂದನ್ನು ಹೊರಗೆ ಬಿಟ್ಟು ಫ್ಯಾನನ್ನು ಐದಕ್ಕೆ ತಿರುಗಿಸಿದೆವು. ಟೆಂಟಿನ ಕಡೆಯ ನೀರು ಮೇಲೇರಿತು, ಹೊರಗಿನ ಕಡೆಯದು ಇಳಿಯಿತು. ಎರಡರ ಮಟ್ಟದ ವ್ಯತ್ಯಾಸ ಎರಡೂವರೆ ಮಿಲಿಮೀಟರು.

"ಇಷ್ಟೇನಾ ಮೇಷ್ಟ್ರೇ?" ಎಂದರು ತಂದೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್, ಅಂದರೆ ಒಂದು ಕಿಲೋ. ಎರಡೂವರೆ ಮಿಲಿಮೀಟರಿಗೆ ಎರಡೂವರೆ ಕಿಲೋ. ನಮ್ಮ ಗೋಡೆ 2.4 ಚದರ ಮೀಟರ್ ಇರುವುದರಿಂದ ಒಟ್ಟು 6 ಕಿಲೋ. ಬಟ್ಟೆಯ ಒಂದೊಂದು ಗೋಡೆಯ ಮೇಲೂ ಆರು ಕಿಲೋ ಅಕ್ಕಿಯನ್ನು ಸಮನಾಗಿ ಹರಡಿ ಒತ್ತಿದಂತೆ. ಗೋಡೆ ನಾಲ್ಕು ಇಂಚು ಬಾಗಿದ್ದು ಹೆಚ್ಚೇನಲ್ಲ.

ಈಗ ಮುಖ್ಯ ಪ್ರಶ್ನೆ. ಒತ್ತಡ ಇಷ್ಟು ಇಳಿದದ್ದೇಕೆ? ಫ್ಯಾನು ಜೋರಾಗಿದ್ದರಿಂದಲೋ, ಬೇರೆ ಕಾರಣದಿಂದಲೋ? ಮೇಲಿನ ಫ್ಯಾನಿನ ಬಾಯಿ ಆರು ಇಂಚು ವ್ಯಾಸ. ವಿಸ್ತೀರ್ಣ ಸುಮಾರು 28 ಚದರ ಇಂಚು. ಕೆಳಗಿನ ಕಿಂಡಿ ನಾಲ್ಕು ಇಂಚು ವ್ಯಾಸ. ವಿಸ್ತೀರ್ಣ ಸುಮಾರು 12.5 ಚದರ ಇಂಚು. ಹೊರಹೋಗುವ ಬಾಗಿಲಿನ ಅರ್ಧದಷ್ಟೂ ಒಳಬರುವ ಬಾಗಿಲಿಲ್ಲ. ಅದಕ್ಕೂ ಪರದೆ, ಪರದೆಯ ಮೇಲೆ ಮಲ್ಲು! ಮದುವೆ ಮನೆಯಲ್ಲಿ ಹೊರಹೋಗಲು ದೊಡ್ಡ ಬಾಗಿಲು ತೆರೆದು, ಒಳಬರಲು ಕಿಟಕಿ ತೋರಿಸಿದಂತೆ.

ಇನ್ನೊಂದು ವಿಚಾರವನ್ನೂ ಗಮನಿಸಿ. ಫ್ಯಾನು ಜೋರಾಗಿ ಸದ್ದು ಮಾಡುತ್ತಿತ್ತು, ನಿಜ. ಆದರೆ ಗಾಳಿ ಸಾಗುತ್ತಿತ್ತೇ? ಇಂಥ ಸಣ್ಣ ಫ್ಯಾನಿಗೆ ಅಡ್ಡಿ ಇಲ್ಲದಿದ್ದರೆ ಬಹಳ ಗಾಳಿ ಸಾಗಿಸುವ ಶಕ್ತಿ ಇರುತ್ತದೆ. ಅಡ್ಡಿ ಬಂದರೆ ಬೇಗ ಸೋಲುತ್ತದೆ. ರೆಕ್ಕೆ ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಕಡಿಮೆ. ಐದರಲ್ಲಿಟ್ಟಾಗಲೂ ಟೆಂಟು ಕೋಣೆಗಿಂತ ನಾಲ್ಕು ಡಿಗ್ರಿ ಬಿಸಿಯಾಗಿದ್ದದ್ದು ಇದಕ್ಕೇ. ಗೋಡೆ ಬಾಗಿದ್ದು ರೋಗವಲ್ಲ, ರೋಗದ ಲಕ್ಷಣ. ನಾನು ಜ್ವರ ಇಳಿಸಲು ಹೋಗಿ ರೋಗಿಯ ಉಸಿರನ್ನೇ ಕಡಿಮೆ ಮಾಡಿದ್ದೆ.

ಬಾಗಿಲು ದೊಡ್ಡದಾಯಿತು

ಪರಿಹಾರಕ್ಕೆ ಕತ್ತರಿ ಸಾಕಾಯಿತು. ಫ್ಯಾನು ಇದ್ದ ಮೂಲೆಗೆ ಎದುರು ಪಕ್ಕದ ಎರಡು ಗೋಡೆಗಳ ಕೆಳಭಾಗದಲ್ಲಿ ಒಂಬತ್ತು ಇಂಚು ಅಗಲ, ಐದು ಇಂಚು ಎತ್ತರದ ಒಂದೊಂದು ಕಿಂಡಿ. ಎರಡೂ ಸೇರಿ 90 ಚದರ ಇಂಚು. ಫ್ಯಾನಿನ ಬಾಯಿಯ ಮೂರರಷ್ಟಕ್ಕಿಂತ ತುಸು ಹೆಚ್ಚು. ಫ್ಯಾನಿನಿಂದಲ್ಲದೆ ತಾನಾಗಿ ಗಾಳಿ ಒಳಬರುವ ಟೆಂಟಿನಲ್ಲಿ, ಒಳದಾರಿ ಹೊರದಾರಿಯ ಎರಡು ಮೂರರಷ್ಟು ಇರಬೇಕೆಂಬುದು ಬೆಳೆಗಾರರು ಅನುಸರಿಸುವ ಕ್ರಮ. ಸೊಳ್ಳೆಪರದೆ ಒಂದೇ ಪದರ ಉಳಿಯಿತು, ಮಲ್ಲು ಹೋಯಿತು. ಗಾಳಿ ಕೆಳಗಿನಿಂದ ಬಂದು, ಸಸಿಗಳ ನಡುವೆ ಓರೆಯಾಗಿ ಸಾಗಿ, ಮೇಲಿನಿಂದ ಹೋಗುವಂತಾಯಿತು.

ಇಲ್ಲೊಂದು ನಿಯಮವಿದೆ, ಹೈಸ್ಕೂಲಿನವರು ನೆನಪಿಟ್ಟುಕೊಳ್ಳಿ. ಸಾಗುವ ಗಾಳಿ ಅಷ್ಟೇ ಇದ್ದು ಕಿಂಡಿಯ ವಿಸ್ತೀರ್ಣ ಎರಡರಷ್ಟಾದರೆ, ಕಿಂಡಿಯಲ್ಲಿ ಗಾಳಿಯ ವೇಗ ಅರ್ಧವಾಗುತ್ತದೆ. ಬೇಕಾಗುವ ಒತ್ತಡದ ವ್ಯತ್ಯಾಸ ಮಾತ್ರ ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಏಕೆಂದರೆ ಅದು ವೇಗದ ವರ್ಗವನ್ನು ಅನುಸರಿಸುತ್ತದೆ. ಕಿಂಡಿಯನ್ನು ಸ್ವಲ್ಪ ದೊಡ್ಡದು ಮಾಡಿದರೂ ಗೋಡೆಗೆ ಬಹಳ ಆರಾಮ ಸಿಗುವುದು ಇದರಿಂದ.

ಫ್ಯಾನು ಮತ್ತೆ ಐದಕ್ಕೆ ಬಂತು. ಗೋಡೆ ಅರ್ಧ ಇಂಚು ಮಾತ್ರ ಒಳಗೆ ಬಾಗಿ ನಿಂತಿತು. ನೀರಿನ ಕೊಳವೆಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಕಡಿಮೆಯಾಗಿತ್ತು. ಆಗ ಹುಡುಗಿ ಹಲಗೆಯನ್ನೇ ಓರೆ ಮಾಡಿದಳು. ಹತ್ತು ಸೆಂಟಿಮೀಟರ್ ಉದ್ದಕ್ಕೆ ಒಂದು ಸೆಂಟಿಮೀಟರ್ ಏರುವಂತೆ ಓರೆಯಾಗಿ ಇಟ್ಟರೆ, ನೀರು ಕೊಳವೆಯೊಳಗೆ ಹತ್ತರಷ್ಟು ದೂರ ಸರಿಯುತ್ತದೆ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಮಾರನೆಯ ದಿನ ಟೆಂಟಿನ ಉಷ್ಣತೆ 29 ಡಿಗ್ರಿ. ಗೋಡೆಯ ಮೇಲೆ ನೀರ ಹನಿ ಇಲ್ಲ.

ಅವಳ ತಂದೆಗೆ ಒಂದು ಮಾತು ಹೇಳುವುದಿತ್ತು. "ನಿಮ್ಮ ಹೊಲಿಗೆ ಕೆಟ್ಟಿದ್ದರೆ ಗೋಡೆ ಬಾಗುತ್ತಲೇ ಇರಲಿಲ್ಲ. ಹೊಲಿಗೆಯ ಸಂದಿಯಿಂದೆಲ್ಲ ಗಾಳಿ ನುಸುಳಿ ಒಳಗೆ ಬಂದುಬಿಡುತ್ತಿತ್ತು. ಅಷ್ಟು ಬಾಗಿತು ಅಂದರೆ ಅಷ್ಟು ಬಿಗಿಯಾಗಿ ಹೊಲಿದಿದ್ದೀರಿ ಅಂತ."

ಅವರು ಏನೂ ಹೇಳಲಿಲ್ಲ. ಹೊಲಿಗೆಯ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿ, "ಕಾಫಿ ತಗೊಂಡು ಹೋಗಿ ಮೇಷ್ಟ್ರೇ" ಎಂದರು.

ತುಸು ಬಾಗಿದರೆ ತಪ್ಪಿಲ್ಲ

ಅರ್ಧ ಇಂಚು ಬಾಗುವುದನ್ನೂ ಇಲ್ಲವಾಗಿಸಬೇಕೇ? ಬೇಕಿಲ್ಲ. ಒಳಗಿನ ಒತ್ತಡ ಹೊರಗಿಗಿಂತ ತುಸು ಕಡಿಮೆ ಇದ್ದರೆ, ಎಲ್ಲ ಸಂದಿಗಳಲ್ಲೂ ಗಾಳಿ ಒಳಮುಖವಾಗಿಯೇ ಸಾಗುತ್ತದೆ. ಒಳಗಿನ ತೇವ, ವಾಸನೆ ಕೋಣೆಗೆ ಹರಡದೆ ಫ್ಯಾನಿನ ಮೂಲಕವೇ ಹೋಗುತ್ತವೆ. ಕ್ಷಯದಂಥ ಗಾಳಿಯಿಂದ ಹರಡುವ ರೋಗದವರನ್ನು ಇರಿಸುವ ಆಸ್ಪತ್ರೆಯ ಪ್ರತ್ಯೇಕ ಕೋಣೆಗಳಲ್ಲೂ ಇದೇ ತತ್ವವನ್ನು ಬಳಸುತ್ತಾರೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಒಳಗಿನ ಒತ್ತಡವೇ ತುಸು ಹೆಚ್ಚು, ಹೊರಗಿನ ಕೊಳಕು ಗಾಳಿ ಒಳಗೆ ಬರದಿರಲೆಂದು.

ಆದ್ದರಿಂದ ಟೆಂಟಿನ ಗೋಡೆಯನ್ನು ಒಂದು ಅಳತೆಯ ಸಾಧನದಂತೆ ನೋಡಿ. ತುಸು ಒಳಗೆ ಬಾಗಿದೆ: ಎಲ್ಲವೂ ಕ್ಷೇಮ. ದಿನದಿಂದ ದಿನಕ್ಕೆ ಹೆಚ್ಚು ಬಾಗುತ್ತಿದೆ: ಪರದೆಗೆ ಧೂಳು ಕಟ್ಟಿದೆ, ತೊಳೆಯಿರಿ. ಹೊರಗೆ ಉಬ್ಬಿದೆ: ಒಳಗೆ ಬರುವ ಗಾಳಿ ಹೆಚ್ಚು, ಹೋಗುವುದು ಕಡಿಮೆ. ಬಟ್ಟೆ ಸಸಿಗೆ ತಾಗುವಂತಿದ್ದರೆ ಗೋಡೆಯ ನಡುಮಟ್ಟದಲ್ಲಿ ಒಂದು ಅಡ್ಡ ಪೈಪು ಕೊಡಿ. ಆದರೆ ಅದಕ್ಕೂ ಮೊದಲು ಗಾಳಿ ಬರುವ ದಾರಿ ನೋಡಿ. ದಾರಿ ಕೊಡದೆ ಗೋಡೆಯನ್ನು ಹಗ್ಗದಿಂದ ಹೊರಕ್ಕೆ ಎಳೆದು ಕಟ್ಟಿದರೆ, ನಾನು ಮಾಡಿದ ತಪ್ಪನ್ನೇ ಬೇರೆ ರೀತಿಯಲ್ಲಿ ಮಾಡಿದಂತೆ.

ಗಿಡಕ್ಕೆ ಹೊಸ ಗಾಳಿ ಬೇಕಾದದ್ದು ತಂಪಿಗಾಗಿ ಮಾತ್ರವಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಹತ್ತು ಸಾವಿರ ಪಾಲಿನಲ್ಲಿ ನಾಲ್ಕು ಪಾಲಿಗೆ ಸ್ವಲ್ಪ ಹೆಚ್ಚು, ಅಷ್ಟೆ. ಮುಚ್ಚಿದ ಟೆಂಟಿನಲ್ಲಿ ಬೆಳಕಿದ್ದಾಗ ಎಲೆಗಳು ಅದನ್ನು ಬಳಸುತ್ತಾ ಹೋಗುತ್ತವೆ. ಹೊಸ ಗಾಳಿ ಬರದಿದ್ದರೆ ದೀಪ ಉರಿದರೂ ಗಿಡಕ್ಕೆ ಅರೆಹೊಟ್ಟೆ.

ನಿಮ್ಮ ಮನೆಯಲ್ಲೂ ಇದೇ ಪ್ರಶ್ನೆ

ತಂದೆತಾಯಿಯರೇ, ಇನ್ನು ಮುಂದಿನ ಮಾತು ನಿಮಗೆ. ಟೆಂಟಿನ ಬಟ್ಟೆ ಬಾಗಿ ನಮಗೆ ಎಚ್ಚರಿಕೆ ಕೊಟ್ಟಿತು. ಸಿಮೆಂಟಿನ ಗೋಡೆ ಬಾಗುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಕಿಟಕಿ, ಬಾಗಿಲು ಎಲ್ಲ ಭದ್ರವಾಗಿ ಮುಚ್ಚಿ ಎಕ್ಸಾಸ್ಟ್ ಫ್ಯಾನು ಹಾಕಿದರೆ ಅಲ್ಲೂ ಒತ್ತಡ ಇಳಿಯುತ್ತದೆ. ಗಾಳಿ ಸಿಕ್ಕ ದಾರಿಯಿಂದ ಒಳಗೆ ನುಗ್ಗುತ್ತದೆ. ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ, ಆ ದಾರಿ ಗೀಸರಿನ ಹೊಗೆಕೊಳವೆಯೇ ಆಗಬಹುದು. ಹೊರಗೆ ಹೋಗಬೇಕಾದ ಹೊಗೆ ಆಗ ಒಳಗೇ ತಿರುಗುತ್ತದೆ. ಹೊಸ ಗಾಳಿ ಸಾಲದೆ ಗ್ಯಾಸು ಪೂರ್ತಿ ಉರಿಯದಿದ್ದರೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿಗಳನ್ನು ನೀವೂ ಓದಿದ್ದೀರಿ.

ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಹೊಗೆಕೊಳವೆ ಬಯಲಿಗೇ ತೆರೆದಿರಲಿ. ಚಳಿಯೆಂದು ವೆಂಟಿಲೇಟರಿಗೆ ರಟ್ಟು, ಬಟ್ಟೆ ತುರುಕಬೇಡಿ. ಫ್ಯಾನು ಇದೆಯಲ್ಲ ಎಂದು ಧೈರ್ಯ ತಾಳುವ ಮುನ್ನ ಒಂದು ಪ್ರಶ್ನೆ ಕೇಳಿ: ಗಾಳಿ ಹೋಗುತ್ತಿದೆ ಸರಿ, ಬರುತ್ತಿರುವುದು ಎಲ್ಲಿಂದ?

ಮಾಡಿ ನೋಡಿ

ಒಂದು ಅಗಲ ಬಾಯಿಯ ಡಬ್ಬಿ, ಅದಕ್ಕೆ ಸರಿಹೋಗುವ ತೆಳು ಪ್ಲಾಸ್ಟಿಕ್ ಚೀಲ ತೆಗೆದುಕೊಳ್ಳಿ. ಚೀಲವನ್ನು ಡಬ್ಬಿಯೊಳಗೆ ಇಳಿಬಿಟ್ಟು, ಒಳಗೋಡೆಗೆ ಅಂಟುವಂತೆ ಒತ್ತಿ. ಚೀಲದ ಬಾಯನ್ನು ಡಬ್ಬಿಯ ಅಂಚಿನ ಮೇಲೆ ಮಡಚಿ, ಗಾಳಿ ಹೋಗದಂತೆ ಸುತ್ತಲೂ ಬಿಗಿಯಾಗಿ ಟೇಪು ಹಾಕಿ. ಈಗ ಚೀಲದ ತಳವನ್ನು ಹಿಡಿದು ಮೇಲಕ್ಕೆ ಎಳೆಯಿರಿ. ಬರುವುದಿಲ್ಲ! ಡಬ್ಬಿಯ ತಳದ ಬಳಿ ಒಂದು ಸಣ್ಣ ತೂತು ಮಾಡಿ ಮತ್ತೆ ಎಳೆಯಿರಿ. ಸಲೀಸಾಗಿ ಬರುತ್ತದೆ. ಏಕೆಂದು ನಿಮ್ಮ ತಮ್ಮ ತಂಗಿಯರಿಗೆ ವಿವರಿಸಿ. (ಚೀಲವನ್ನು ಯಾರೂ ತಲೆಗೆ ಹಾಕಿಕೊಳ್ಳಕೂಡದು. ತೂತು ಮಾಡುವಾಗ ದೊಡ್ಡವರು ಜೊತೆಗಿರಲಿ. ಟೆಂಟು ಕಟ್ಟುವುದಾದರೆ ವಿದ್ಯುತ್ತಿನ ಕೆಲಸವನ್ನು ತಿಳಿದವರಿಂದಲೇ ಮಾಡಿಸಿ. ನೀರು ಮತ್ತು ಕರೆಂಟು ಒಂದೇ ಗುಡಾರದಲ್ಲಿರುತ್ತವೆ.)

ಹುಡುಗಿ ಮತ್ತೆ ಬೀಜ ಹಾಕಿದಳು. ಪ್ರದರ್ಶನದ ಹೊತ್ತಿಗೆ ಸಸಿಗಳು ಗೇಣುದ್ದವೂ ಆಗಿರಲಿಲ್ಲ. ಹಿಂದಿನ ದಿನ ಅವಳು ನೋಟ್ ಪುಸ್ತಕ ತಂದು ಒಂದು ಸಾಲಿನ ಮೇಲೆ ಬೆರಳಿಟ್ಟಳು. 'ಸರ್ ಹೇಳಿದಂತೆ ಫ್ಯಾನು ನಿಧಾನ ಮಾಡಿದೆ. ನಲವತ್ತು ಸಸಿ ಸತ್ತವು' ಎಂದಿತ್ತು.

"ಸರ್, ಇದನ್ನ ಹೊಡೆದು ಹಾಕಲಾ?"

"ಬೇಡಮ್ಮ," ಎಂದೆ. "ಆ ಪುಟವನ್ನೇ ತೆರೆದಿಡು."

ಬಹುಮಾನ ಬರಲಿಲ್ಲ. ಆದರೆ ತೀರ್ಪುಗಾರರೊಬ್ಬರು ಆ ಪುಟದ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರು ಕೇಳಿದ್ದಕ್ಕೆಲ್ಲ ಅವಳು ಉತ್ತರ ಹೇಳುತ್ತಿದ್ದಳು. ನಾನು ಸ್ವಲ್ಪ ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಈಗ ಯಾರಾದರೂ ಸ್ಟಾಫ್ ರೂಮಿಗೆ ಪ್ರಶ್ನೆ ಹಿಡಿದು ಬಂದರೆ, ಕೆಂಪು ಪೆನ್ನು ಕೆಳಗಿಟ್ಟು ಮೊದಲು ಕೇಳುತ್ತೇನೆ: "ನೋಟ್ ಪುಸ್ತಕ ತಂದಿದ್ದೀಯಾ?"